ಜಿಪ್ಸಿಯ ಹರಿದ ಹುಡ್ಡಿಗೆ ದಬ್ಬಣದ ಹೊಲಿಗೆ

ನಮ್ಮದು 1998ರ ಜಿಪ್ಸಿ. ಕೊಡಗಿನ ಎಸ್ಟೇಟೊಂದರಲ್ಲಿ ದುಡಿದು ದಣಿದು ಮೈಸೂರಿಗೆ ಬಂದ ಗಾಡಿ. ನಂಬರ್ ಪ್ಲೇಟಿನಲ್ಲಿ ಇನ್ನೂ ಕೆಎ 12 ಅಂತಲೇ ಇದೆ. ಎಂಜಿನ್ ಬಗ್ಗೆ ನನ್ನ ದೂರೇನೂ ಇಲ್ಲ. 1300 ಸಿಸಿಯ ಆ ಮಾರುತಿ ಎಂಜಿನ್ನು ಯಾವ ಊರಿನ ಮೆಕ್ಯಾನಿಕ್ಕಿಗಾದರೂ ಗೊತ್ತು. ತಲೆನೋವೆಲ್ಲ ಮೇಲಿನ ಹುಡ್ಡಿನದು.

ಕಂಪನಿಯ ಹುಡ್ ಯಾವ ಕಾಲಕ್ಕೋ ಹೋಗಿದೆ. ಈಗ ಇರುವುದು ಹಿಂದಿನ ಮಾಲೀಕರು ಹೊಲಿಸಿದ ಕಪ್ಪು ರೆಕ್ಸಿನ್ನಿನ ಹುಡ್. ಮುಂದಿನ ಅಂಚನ್ನು ಗಾಜಿನ ಚೌಕಟ್ಟಿನ ಮೇಲಿರುವ ಚಾನಲ್ಲಿಗೆ ಸಿಕ್ಕಿಸಬೇಕು. ಆಮೇಲೆ ಬಗ್ಗಿಸಿದ ಕಬ್ಬಿಣದ ಪೈಪುಗಳ ಮೇಲೆ ಹಾಯಿಸಿ, ಹಿಂದೆ ಬೆಲ್ಟು ಬಕಲ್ ಹಾಕಿ ಬಿಗಿಯಬೇಕು. ಹಿಂದುಗಡೆ ಗಾಜಿನ ಬದಲು ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಅದರ ಸುತ್ತ ಜಿಪ್. ‘ಟಾಪ್ ಬಿಚ್ಚಿ ಓಡಿಸ್ತೀರಾ ಸರ್?’ ಅಂತ ಸಿಗ್ನಲ್ಲಿನಲ್ಲಿ ಹುಡುಗರು ಕೇಳುತ್ತಾರೆ. ಬಿಚ್ಚುವುದು ಸುಲಭ. ವಾಪಸ್ ಹಾಕುವಾಗ ಮನೆಯಲ್ಲಿ ಜಗಳ ಆಗುತ್ತದೆ.

ಚಿತ್ತೆ ಮಳೆ ಹಿಡಿದಿದ್ದ ಅಕ್ಟೋಬರ್. ಮಂಡ್ಯದಿಂದ ಬಂದಿದ್ದ ಸೋದರಮಾವನನ್ನು ಕರೆದುಕೊಂಡು ನಾನೂ ಹೆಂಡತಿಯೂ ಮೇಲುಕೋಟೆಗೆ ಹೋಗಿದ್ದೆವು. ಗಾಡಿಯನ್ನು ಕಲ್ಯಾಣಿಯ ಹತ್ತಿರ ನಿಲ್ಲಿಸಿ, ಬೆಟ್ಟ ಹತ್ತಿ, ಯೋಗಾನರಸಿಂಹನ ದರ್ಶನ ಮುಗಿಸಿ ಇಳಿದೆವು. ಅಷ್ಟರಲ್ಲಿ ಹುಡ್ಡಿನ ಮೇಲೆ ಕೋತಿಗಳ ಜಾತ್ರೆ. ಗಾಡಿಯೊಳಗೆ ತಿನ್ನುವುದು ಏನೂ ಇರಲಿಲ್ಲ. ದೊಡ್ಡದೊಂದು ಗಡವ ಮರಿಗಳನ್ನು ಅಟ್ಟಿಸಿಕೊಂಡು ಬಂತಂತೆ, ಮರಿಗಳು ಪಕ್ಕದ ಗೋಡೆಯಿಂದ ಸೀದಾ ನಮ್ಮ ಹುಡ್ಡಿಗೆ ಹಾರಿದವಂತೆ. ಎಳನೀರಿನವನು ಹೇಳಿದ್ದು. ಹಿಂದಿನ ಪೈಪಿನ ಮೇಲೆ ಹಾದುಹೋಗುವ ಹೊಲಿಗೆ ಸುಮಾರು ಒಂದೂವರೆ ಅಡಿ ಬಾಯಿ ಬಿಟ್ಟಿತ್ತು. ಹಿಂದಿನ ಜಿಪ್ಪಿನ ಹಲ್ಲುಗಳು ಒಂದು ಮೂಲೆಯಲ್ಲಿ ಕಿತ್ತು ಬಂದಿದ್ದವು. ಆಕಾಶ ನೋಡಿದರೆ ಪಾಂಡವಪುರದ ಕಡೆ ಕಪ್ಪಗೆ ಕಟ್ಟಿಕೊಂಡಿತ್ತು.

ಇಂಥ ಹೊತ್ತಿನಲ್ಲಿ ಕೈ ತಾನಾಗೇ ಟೇಪಿನ ಕಡೆ ಹೋಗುತ್ತದೆ. ಆದರೆ ಅದಕ್ಕಿಂತ ಮೊದಲು ಬೆಲ್ಟು ಸಡಿಲ ಮಾಡಬೇಕು. ಹುಡ್ ಬಿಗಿಯಾಗಿದ್ದಷ್ಟೂ ಹರಿದ ಬಾಯಿಯ ಎರಡೂ ತುದಿ ಎಳೆಯುತ್ತಲೇ ಇರುತ್ತವೆ. ಒಂದೂವರೆ ಅಡಿ ಎರಡಡಿಯಾಗಲು ಜಾಸ್ತಿ ಹೊತ್ತು ಬೇಡ. ಹಿಂದಿನ ಬಕಲ್ ಒಂದೆರಡು ತೂತು ಬಿಟ್ಟೆ. ಬಾಯಿ ಸ್ವಲ್ಪ ಮುಚ್ಚಿಕೊಂಡಿತು.

ಆಮೇಲೆ ಟೇಪ್. ಬೀದಿಯ ಅಂಗಡಿಯಲ್ಲಿ ಸಿಕ್ಕಿದ್ದು ಪಾರ್ಸಲ್ಲಿಗೆ ಸುತ್ತುವ ಕಂದು ಟೇಪು ಮಾತ್ರ. ರೆಕ್ಸಿನ್ ಒರೆಸಿ, ಹೊರಗೊಂದು ಪಟ್ಟಿ, ಒಳಗೊಂದು ಪಟ್ಟಿ ಎಳೆದೆ. ಹೊರಗಿನ ಪಟ್ಟಿ ಬೆಟ್ಟದ ತಿರುವು ಇಳಿಯುವಷ್ಟರಲ್ಲೇ ಹಾರಿಹೋಯಿತು. ಹಳೆಯ ರೆಕ್ಸಿನ್ನಿನ ಮೈಯಲ್ಲಿ ಜಿಡ್ಡಿರುತ್ತದೆ. ಅದನ್ನು ಮೆತ್ತಗೆ ಇಡಲು ಬೆರೆಸಿದ ಎಣ್ಣೆಯಂಥ ಪದಾರ್ಥ ನಿಧಾನವಾಗಿ ಮೇಲಕ್ಕೆ ಬರುತ್ತಲೇ ಇರುತ್ತದೆ. ಅದರ ಮೇಲೆ ಧೂಳು, ಅದರ ಮೇಲೆ ತೇವ. ಇಷ್ಟೆಲ್ಲದರ ಮೇಲೆ ಯಾವ ಟೇಪು ತಾನೇ ಕೂರುತ್ತದೆ? ಒಳಗಿನ ಪಟ್ಟಿ ಮಾತ್ರ ಗಟ್ಟಿಯಾಗಿ ನಿಂತಿತ್ತು. ಅಲ್ಲಿ ಗಾಳಿಯ ಹೊಡೆತ ಇಲ್ಲ. ಟೇಪು ಒಂದೇ ತುಂಡು ಇದ್ದರೆ ಒಳಗೆ ಹಚ್ಚುವುದೇ ಮೇಲು ಅಂತ ನನ್ನ ಲೆಕ್ಕ.

ಗಾಳಿಯ ವಿಷಯ ಇನ್ನೊಂದಿದೆ. ಗಾಡಿ ಓಡುವಾಗ ಹುಡ್ ಮೇಲಕ್ಕೆ ಉಬ್ಬುತ್ತದೆ. ಮೇಲೆ ಜೋರಾಗಿ ಹಾಯುವ ಗಾಳಿಯ ಒತ್ತಡ ಕಡಿಮೆ, ಒಳಗೆ ನಿಂತ ಗಾಳಿಯ ಒತ್ತಡ ಜಾಸ್ತಿ. ಮುಂದಿನ ಕಿಟಕಿ ತೆರೆದಿಟ್ಟರೆ ಇನ್ನಷ್ಟು ಗಾಳಿ ನುಗ್ಗಿ ಹರಿದ ಕಡೆಯಿಂದಲೇ ಹೊರಗೆ ಹೋಗಲು ನೋಡುತ್ತದೆ. ಹಾಗಾಗಿ ಕಿಟಕಿ ಮುಚ್ಚಿ, ನಲವತ್ತರ ಮೇಲೆ ಮುಳ್ಳು ಹೋಗದಂತೆ ಬಂದೆವು. ಮಾವನಿಗೆ ಸೆಖೆ, ಅದರ ಮೇಲೆ ಸಿಟ್ಟು. ‘ಒಂದು ಸಿಲಿಕಾನ್ ಟ್ಯೂಬ್ ತಂದು ಬಳಿದ್ರೆ ಆಯ್ತು ಬುಡೋ, ಇದಕ್ಯಾಕೆ ಇಷ್ಟು ಒದ್ದಾಡ್ತೀಯ’ ಅಂತ ಹಿಂದಿನ ಸೀಟಿನಿಂದ ಶುರು ಮಾಡಿದರು. ಜಕ್ಕನಹಳ್ಳಿಯಲ್ಲಿ ಹಾರ್ಡ್‌ವೇರ್ ಅಂಗಡಿಯ ಬಾಗಿಲು ಮುಚ್ಚಿತ್ತು. ಅದು ನಮ್ಮ ಪುಣ್ಯ ಅಂತ ಆಮೇಲೆ ಗೊತ್ತಾಯಿತು.

ಜಕ್ಕನಹಳ್ಳಿ ದಾಟಿ ಪಾಂಡವಪುರದ ದಾರಿ ಹಿಡಿದ ಮೇಲೆ ಹನಿ ಶುರುವಾಯಿತು. ಎರಡೂ ಕಡೆ ಕಬ್ಬಿನ ಗದ್ದೆ. ರಸ್ತೆ ಪಕ್ಕದಲ್ಲೇ ಒಂದು ಆಲೆಮನೆ, ಹೊಗೆ ಏಳುತ್ತಿತ್ತು. ಕೇಳುವುದಕ್ಕೂ ಹೋಗದೆ ಗಾಡಿಯನ್ನು ಸೀದಾ ಚಪ್ಪರದ ಕೆಳಗೆ ನುಗ್ಗಿಸಿದೆ. ಯಜಮಾನರು ಹೊರಗೆ ಬಂದರು.

‘ಏನ್ ಸಾ, ಕೋತಿ ಕಾಟ್ವಾ? ಬೆಟ್ಟದ್ ಕಡೆಯಿಂದ ಬರೋರ್ದೆಲ್ಲ ಇದೇ ಗೋಳು.’

ಹರಿದ ಜಾಗ ತೋರಿಸಿದೆ. ಅವರು ಬೆರಳು ಹಾಕಿ ಬಿಡಿಸಿ ನೋಡಿದರು. ‘ಬಟ್ಟೆ ಹರಿದಿಲ್ಲ ಸಾ, ದಾರ ಬುಟ್ಟದೆ ಅಷ್ಟೇಯ. ಮೂಟೆ ಹೊಲ್ದಂಗೆ ಹೊಲ್ದ್ರೆ ಮೈಸೂರ್ ಗಂಟ ಏನೂ ಆಗಕ್ಕಿಲ್ಲ’ ಅಂದರು. ಒಳಗಿನಿಂದ ಒಂದು ದಬ್ಬಣ, ಒಂದು ಉಂಡೆ ಹುರಿ ಬಂತು.

ಯಜಮಾನರ ಮಾತು ಕೇಳಿ ನಾನೂ ಸರಿಯಾಗಿ ನೋಡಿದೆ. ನಿಜ, ರೆಕ್ಸಿನ್ ಎಲ್ಲೂ ಸೀಳಿರಲಿಲ್ಲ. ಎರಡು ತುಂಡು ಸೇರುವ ಕಡೆ ಹಳೆಯ ದಾರ ಮಾತ್ರ ಕಿತ್ತಿತ್ತು. ಹಳೆಯ ಸೂಜಿ ತೂತುಗಳು ಸಾಲಾಗಿ ಕಾಣುತ್ತಿದ್ದವು. ಇದು ಒಳ್ಳೆಯ ಸುದ್ದಿ. ಬಟ್ಟೆಯೇ ಸೀಳಿದ್ದರೆ ತೇಪೆ ಬೇಕು. ಹೊಲಿಗೆ ಮಾತ್ರ ಬಿಟ್ಟಿದ್ದರೆ ಅದೇ ತೂತಿನಲ್ಲಿ ದಾರ ಹಾಯಿಸಿದರೆ ಸಾಕು. ಹೊಸ ತೂತು ಮಾಡಬಾರದು. ಹಳೆಯ ತೂತಿನ ಪಕ್ಕದಲ್ಲೇ ಹೊಸ ಸಾಲು ಬಿದ್ದರೆ ಎರಡು ಸಾಲಿನ ನಡುವಿನ ರೆಕ್ಸಿನ್ ದುರ್ಬಲವಾಗಿ, ಮುಂದಿನ ಸಲ ಬಟ್ಟೆಯೇ ಹರಿಯುತ್ತದೆ.

ಆಲೆಮನೆಯಿಂದ ನಮಗಾದ ದೊಡ್ಡ ಉಪಕಾರ ದಬ್ಬಣಕ್ಕಿಂತ ಒಲೆಯದು. ಕಬ್ಬಿನ ಸಿಪ್ಪೆ ಉರಿಯುತ್ತಿತ್ತು, ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಕಿಡಿ ಹಾರದಷ್ಟು ದೂರದಲ್ಲಿ, ಆದರೆ ಕಾವು ತಾಗುವಂತೆ ಗಾಡಿಯ ಹಿಂಭಾಗ ತಿರುಗಿಸಿ ನಿಲ್ಲಿಸಿದೆವು. ತಣ್ಣಗಿದ್ದಾಗ ರೆಕ್ಸಿನ್ ಬಿರುಸು. ಎಳೆದರೆ ಬರುವುದಿಲ್ಲ. ಬೆಚ್ಚಗಾದ ಮೇಲೆ ಒಣಗಿತು, ಮೆತ್ತಗೂ ಆಯಿತು. ಎರಡು ಅಂಚು ಹತ್ತಿರ ತಂದರೆ ತಾವಾಗೇ ಕೂಡಿಕೊಂಡವು.

ಯಾವ ಅಂಚು ಮೇಲೆ ಬರಬೇಕು ಅನ್ನುವುದಕ್ಕೆ ಮಾವನಿಗೂ ಯಜಮಾನರಿಗೂ ಸಣ್ಣ ವಾದವಾಯಿತು. ಯಜಮಾನರೇ ಗೆದ್ದರು. ಹೆಂಚು ಹೊದಿಸಿದ ಹಾಗೆ, ಮುಂದಿನ ತುಂಡಿನ ಅಂಚು ಹಿಂದಿನ ತುಂಡಿನ ಮೇಲೆ ಬರಬೇಕು. ಆಗ ನೀರು ಜಾರಿ ಹಿಂದಕ್ಕೆ ಹೋಗುತ್ತದೆ, ಗಾಳಿಯೂ ಅಂಚಿನ ಕೆಳಗೆ ನುಗ್ಗುವುದಿಲ್ಲ. ತಿರುಗಾಮುರುಗಾ ಆದರೆ ನೀರು ಸೀದಾ ಸೀಟಿಗೆ.

ಹುರಿ ಸೆಣಬಿನದು. ಸೆಣಬು ನೀರು ಕುಡಿಯುತ್ತದೆ, ಕುಡಿದ ನೀರನ್ನು ಒಳಗೂ ತರುತ್ತದೆ. ತೆಳ್ಳಗಿನ ನೈಲಾನ್ ದಾರವೂ ಇತ್ತು. ಅದನ್ನು ಜೋರಾಗಿ ಎಳೆದರೆ ಮೆತ್ತಗಾದ ರೆಕ್ಸಿನ್ನನ್ನೇ ಕೊಯ್ಯುತ್ತದೆ. ಕೊನೆಗೆ ಸೆಣಬನ್ನೇ ಒಂಟಿ ಎಳೆ ಮಾಡಿ, ದೀಪಕ್ಕೆ ಇಟ್ಟಿದ್ದ ಮೇಣದಬತ್ತಿಯಿಂದ ಚೆನ್ನಾಗಿ ಉಜ್ಜಿದೆವು. ಮೇಣ ಹತ್ತಿದ ದಾರ ನೀರು ಎಳೆಯುವುದು ಕಡಿಮೆ. ತೂತಿನಲ್ಲೂ ಸಲೀಸಾಗಿ ಜಾರುತ್ತದೆ.

ಹುಡ್ ಗಾಡಿಯ ಮೇಲೇ ಇದ್ದದ್ದರಿಂದ ಹೊಲಿಯಲು ಇಬ್ಬರು ಬೇಕು. ಹೆಂಡತಿ ಒಳಗೆ ಹಿಂದಿನ ಸೀಟಿನ ಮೇಲೆ ಮಂಡಿಯೂರಿದಳು. ಯಜಮಾನರು ಹೊರಗೆ ಬಂಪರ್ ಮೇಲೆ ನಿಂತರು. ಹೊರಗಿನಿಂದ ದಬ್ಬಣ ಒಳಗೆ, ಒಳಗಿನಿಂದ ಮುಂದಿನ ತೂತಿನಲ್ಲಿ ಹೊರಗೆ. ‘ಬಂತಾ ತಾಯಿ?’ ‘ಬಂತು, ಎಳೀರಿ.’ ‘ಜಾಸ್ತಿ ಎಳೀಬ್ಯಾಡಿ, ನೆರಿಗೆ ಬೀಳ್ತದೆ.’ ನಾನು ಎರಡು ಅಂಚು ಹಿಡಿದು ನಿಂತಿದ್ದೆ. ಮಾವ ಬಿಸಿ ಬೆಲ್ಲ ತಿನ್ನುತ್ತಿದ್ದರು. ನಾಲ್ಕೈದು ಹೊಲಿಗೆಗೊಂದು ಗಂಟು ಹಾಕಿಸಿದೆ. ದಾರ ಒಂದು ಕಡೆ ಹರಿದರೂ ಇಡೀ ಸಾಲು ಬಿಚ್ಚಿಕೊಳ್ಳಬಾರದು ಅಲ್ವಾ. ಹರಿದ ಜಾಗದ ಎರಡೂ ತುದಿಯಲ್ಲಿ, ಗಟ್ಟಿ ಇದ್ದ ಹಳೆಯ ಹೊಲಿಗೆಯ ಮೇಲೂ ಸ್ವಲ್ಪ ದೂರ ಹೊಲಿದೆವು. ದಬ್ಬಣ ದಪ್ಪ, ತೂತುಗಳು ದೊಡ್ಡದಾದವು. ಅದಕ್ಕೆ ಬೇರೆ ದಾರಿ ಇರಲಿಲ್ಲ.

ಜಿಪ್ ಹೋದ ಮೂಲೆಗೆ ತೆಳು ತಂತಿ ಸುತ್ತಿ ಎರಡು ಕಡೆ ಬಿಗಿದೆ. ಪ್ಲಾಸ್ಟಿಕ್ ಹಾಳೆಯ ಕೆಳಮೂಲೆಯಲ್ಲಿ ಒಂದು ಸಣ್ಣ ಬಿರುಕು ಕಾಣಿಸಿತು. ಅದನ್ನು ಮುಟ್ಟದೆ, ಮಡಚದೆ, ಒಳಗಿನಿಂದ ಟೇಪು ಮಾತ್ರ ಹಚ್ಚಿದೆ.

ಇನ್ನೊಂದು ಸಮಸ್ಯೆ ಉಳಿದಿತ್ತು. ಬೆಲ್ಟು ಸಡಿಲ ಮಾಡಿದ್ದರಿಂದ ಎರಡು ಪೈಪುಗಳ ನಡುವೆ ಹುಡ್ ಜೋತು ಬಿದ್ದಿತ್ತು. ಜೋತು ಬಿದ್ದ ಕಡೆ ನೀರು ನಿಲ್ಲುತ್ತದೆ. ಒಂದು ಲೀಟರ್ ನೀರು ಒಂದು ಕೆಜಿ ತೂಕ. ನಿಂತಷ್ಟೂ ಬಟ್ಟೆ ಇಳಿಯುತ್ತದೆ, ಇಳಿದಷ್ಟೂ ಇನ್ನೂ ನೀರು ನಿಲ್ಲುತ್ತದೆ. ಯಜಮಾನರು ಒಂದು ಕಬ್ಬಿನ ಜಲ್ಲೆ ಮುರಿದು, ತುದಿಗೆ ಚಿಂದಿ ಬಟ್ಟೆಯ ಉಂಡೆ ಕಟ್ಟಿ, ಸೀಟುಗಳ ನಡುವೆ ನೆಟ್ಟರು. ಹುಡ್ ಗುಡಾರದಂತೆ ಮೇಲೆದ್ದು ನೀರು ಎರಡೂ ಬದಿಗೆ ಹರಿಯಿತು. ನೀಲಿ ಟಾರ್ಪಾಲು ಕೊಡುತ್ತೇನೆ ಅಂದರು. ನಾನೇ ಬೇಡವೆಂದೆ. ಓಡುವ ಗಾಡಿಯ ಮೇಲೆ ಟಾರ್ಪಾಲು ಪಟಪಟ ಬಡಿದು, ಹಗ್ಗ ಉಜ್ಜಿ, ಇರುವ ರೆಕ್ಸಿನ್ನನ್ನೂ ತಿಂದುಹಾಕುತ್ತದೆ. ನಿಂತ ಗಾಡಿಗಾದರೆ ಟಾರ್ಪಾಲು ಸರಿ. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಅಚ್ಚು ಬೆಲ್ಲ ಕೊಂಡೆವು, ಸ್ವಲ್ಪ ಜಾಸ್ತಿಯೇ.

ಪಾಂಡವಪುರ ಬರುವ ಹೊತ್ತಿಗೆ ಮಳೆ ಹುಯ್ಯಿತು ನೋಡಿ, ವೈಪರ್ ಸಾಲಲಿಲ್ಲ. ಶ್ರೀರಂಗಪಟ್ಟಣದ ತನಕ ಅದೇ ಮಳೆ. ಹೊಲಿಗೆಯ ತೂತುಗಳಿಂದ ಅಲ್ಲೊಂದು ಇಲ್ಲೊಂದು ಹನಿ ಮಾವನ ಹೆಗಲ ಮೇಲೆ ಬೀಳುತ್ತಿತ್ತು. ಆದರೆ ಹೊಲಿಗೆ ಬಿಡಲಿಲ್ಲ. ಕೆಳಗೆ ಸೇರಿದ ನೀರಿಗೆ ಜಿಪ್ಸಿಯಲ್ಲಿ ಒಂದು ಅನುಕೂಲವಿದೆ. ಕಾಲಡಿಯ ರಬ್ಬರ್ ಬಿರಡೆ ತೆಗೆದರೆ ನೀರು ರಸ್ತೆಗೆ ಹೋಗುತ್ತದೆ.

ಮನೆಗೆ ಬಂದ ಮೇಲೆ ಒದ್ದೆ ಹುಡ್ಡನ್ನು ಮಡಚಿಡಬಾರದು. ಮಡಚಿದರೆ ಒಳಗಿನ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಗಾಡಿಯ ಮೇಲೇ ಬಿಟ್ಟು, ಶೆಡ್ಡಿನಲ್ಲಿ ಫ್ಯಾನ್ ಹಾಕಿ ಒಣಗಿಸಿದೆವು. ಜಲ್ಲೆಯನ್ನು ಅಕ್ಕನ ಮಕ್ಕಳು ತಿಂದು ಮುಗಿಸಿದರು.

ಪಕ್ಕಾ ಕೆಲಸಕ್ಕೆ ಹೋದದ್ದು ಲಷ್ಕರ್ ಮೊಹಲ್ಲಾದ ಒಂದು ಸಣ್ಣ ಅಂಗಡಿಗೆ. ಆಟೋ ಹುಡ್, ಸೀಟ್ ಕವರ್, ಜೀಪಿನ ಹುಡ್ ಹೊಲಿಯುವ ಜಾಗ. ಅಲ್ಲಿನ ಭಾಯ್ ಹರಿದ ಜಾಗವನ್ನು ಮೊದಲು ನೋಡಲೇ ಇಲ್ಲ. ಗಾಡಿಯೊಳಗೆ ಹತ್ತಿ ಕೂತು ಪೈಪಿನ ಮೇಲೆ ಕೈಯಾಡಿಸಿದರು. ಒಂದು ಕಡೆ ಕೈ ನಿಂತಿತು. ನನ್ನ ಬೆರಳನ್ನೂ ಅಲ್ಲಿಗೆ ಮುಟ್ಟಿಸಿದರು. ಬಣ್ಣ ಎದ್ದು, ತುಕ್ಕು ಹಿಡಿದು, ಗರಗಸದಷ್ಟು ಒರಟಾಗಿತ್ತು. ಸರಿಯಾಗಿ ಹೊಲಿಗೆ ಕೂರುವ ಜಾಗ.

‘ಕೋತಿ ಪಾಪ ಏನ್ ಮಾಡ್ತು ಸರ್? ಇಲ್ಲಿ ದಾರ ಯಾವತ್ತೋ ಸತ್ತಿತ್ತು. ನೀವು ಹಂಪ್ ಹಾರಿಸಿದಾಗೆಲ್ಲ ಇದು ಉಜ್ಜುತ್ತೆ.’

ಆಮೇಲೆ ಹರಿಯದೇ ಉಳಿದ ಹೊಲಿಗೆಯನ್ನು ಉಗುರಿನಿಂದ ಮೀಟಿದರು. ದಾರ ಪಟ್ಟಂತ ತುಂಡಾಯಿತು. ಹತ್ತಿಯ ದಾರ. ಕೊಡಗಿನ ಮಳೆಯಲ್ಲಿ ನೆನೆದು, ಮೈಸೂರಿನ ಬಿಸಿಲಲ್ಲಿ ಒಣಗಿ ಅದರ ಆಯಸ್ಸು ಮುಗಿದಿತ್ತು. ಹುಡ್ಡುಗಳಲ್ಲಿ ಬಹಳ ಸಲ ಬಟ್ಟೆಗಿಂತ ಮೊದಲು ದಾರ ಹೋಗುತ್ತದಂತೆ. ದಬ್ಬಣದ ಹೊಲಿಗೆ ನೋಡಿ ನಕ್ಕರು, ಆದರೆ ಬೈಯಲಿಲ್ಲ. ‘ದಾರ ಹಾಕಿದ್ದೀರಿ, ಬಿಚ್ಚಬಹುದು. ಸಿಲಿಕಾನ್ ಬಳಿದು ತಂದಿದ್ರೆ ನಾನು ಕೈ ಹಾಕ್ತಿರಲಿಲ್ಲ’ ಅಂದರು. ಸಿಲಿಕಾನ್ ಒಮ್ಮೆ ಹತ್ತಿದರೆ ಅದರ ಮೇಲೆ ಬೇರೆ ಯಾವ ಅಂಟೂ ಹಿಡಿಯುವುದಿಲ್ಲ, ಪೂರ್ತಿ ತೆಗೆಯಲೂ ಆಗುವುದಿಲ್ಲ. ಫೆವಿಕ್ವಿಕ್ ಥರದ್ದು ಹಾಕಿದರೆ ಆ ಜಾಗ ಕಲ್ಲಾಗಿ, ಪಕ್ಕದಲ್ಲೇ ಬಿರಿಯುತ್ತದೆ. ಮಾವನಿಗೆ ಫೋನ್ ಮಾಡಿ ಇದನ್ನು ಹೇಳಿದೆ. ‘ಅವನ ಯಾಪಾರಕ್ಕೆ ಅವನು ಹಂಗಂತಾನೆ ಬುಡು’ ಅಂದರು.

ಹೊಸ ಹುಡ್ ಹೊಲಿಸುವುದಾ, ಇದನ್ನೇ ಸರಿ ಮಾಡುವುದಾ? ಭಾಯ್ ರೆಕ್ಸಿನ್ನನ್ನು ಅಲ್ಲಲ್ಲಿ ಬಿಗಿಯಾಗಿ ಮಡಚಿ ನೋಡಿದರು. ಮಡಿಕೆಯಲ್ಲಿ ಮೇಲ್ಮೈ ಬಿರಿದು ಒಳಗಿನ ಬಿಳಿ ಬಟ್ಟೆ ಕಂಡರೆ ಅದಕ್ಕೆ ದುಡ್ಡು ಹಾಕುವುದು ದಂಡ. ನಮ್ಮದರಲ್ಲಿ ಬೆಲ್ಟಿನ ಬುಡದಲ್ಲಿ ಮಾತ್ರ ಬಿಳಿ ಕಂಡಿತು. ಮಾಡಿನ ಭಾಗ ಚೆನ್ನಾಗಿತ್ತು.

ಹೊಸದಕ್ಕೆ ಅಂತ ಬಟ್ಟೆಯ ತುಂಡುಗಳನ್ನೂ ತೋರಿಸಿದರು. ರೆಕ್ಸಿನ್ ಅಗ್ಗ, ನೀರು ಇಳಿಯುವುದಿಲ್ಲ, ಬಿಸಿಲಿಗೆ ಕುಗ್ಗಿ ಬಿರಿಯುತ್ತದೆ. ಕ್ಯಾನ್ವಾಸ್ ನೋಡಲು ಚೆಂದ, ಒಳಗೆ ಸೆಖೆಯೂ ಕಡಿಮೆ, ಆದರೆ ನೆನೆದರೆ ಭಾರ, ಒಣಗಿಸದಿದ್ದರೆ ಬೂಷ್ಟು. ವಿದೇಶಿ ಕನ್ವರ್ಟಿಬಲ್ ಕಾರುಗಳಲ್ಲಿ ಬರುವುದು ಮೂರು ಪದರದ ಬಟ್ಟೆ. ಹೊರಗೆ ಅಕ್ರಿಲಿಕ್, ನಡುವೆ ರಬ್ಬರ್, ಒಳಗೆ ಪಾಲಿಯೆಸ್ಟರ್. ಅದರ ರೇಟು ಕೇಳಿ ನಾನು ತುಂಡನ್ನು ಮೆಲ್ಲಗೆ ವಾಪಸ್ ಇಟ್ಟೆ. ನಮ್ಮ ಜಿಪ್ಸಿಗೆ ಅಷ್ಟು ದೊಡ್ಡಸ್ತಿಕೆ ಬೇಡ. ಇದ್ದದ್ದನ್ನೇ ಗಟ್ಟಿ ಮಾಡೋಣ ಅಂತ ತೀರ್ಮಾನವಾಯಿತು.

ಕೆಲಸ ಮಾಡಿದ ರೀತಿ ನೋಡುವಂತಿತ್ತು. ಹುಡ್ ಬಿಚ್ಚುವ ಮೊದಲು ಪೈಪ್ ಬರುವ ಕಡೆಯೆಲ್ಲ ಸೀಮೆಸುಣ್ಣದ ಗುರುತು. ದಬ್ಬಣದ ಹುರಿ ಬಿಚ್ಚಿ, ಎರಡು ಅಂಚು ಮತ್ತೆ ಒಂದರ ಮೇಲೊಂದು ಕೂರಿಸಿ, ದೊಡ್ಡದಾಗಿದ್ದ ತೂತುಗಳ ಮೇಲೆ ಹೊಸ ರೆಕ್ಸಿನ್ನಿನ ಎರಡಿಂಚು ಅಗಲದ ಪಟ್ಟಿ. ಪಟ್ಟಿಯ ಎರಡೂ ಅಂಚಿಗೆ ಒಂದೊಂದು ಸಾಲು ಹೊಲಿಗೆ. ಹದಿನೆಂಟರ ಸೂಜಿ, ದಪ್ಪ ಪಾಲಿಯೆಸ್ಟರ್ ದಾರ. ಹೊಲಿಗೆ ಚಿಕ್ಕದಿದ್ದರೆ ಗಟ್ಟಿ ಅಂತ ನಾನು ಅಂದುಕೊಂಡಿದ್ದೆ. ರೆಕ್ಸಿನ್ನಿಗೆ ಅದು ಉಲ್ಟಾ. ತೂತು ಒತ್ತೊತ್ತಾಗಿದ್ದರೆ ಅಲ್ಲೇ ಹರಿಯುತ್ತದೆ. ನಾಲ್ಕೈದು ಮಿಲಿಮೀಟರಿಗೊಂದು ಹೊಲಿಗೆ ಇರಬೇಕು. ತೂಕ ಬೀಳುವ ಉಳಿದ ಹೊಲಿಗೆಗಳನ್ನೂ ಅದೇ ದಾರದಲ್ಲಿ ಮತ್ತೆ ಹಾಕಿದರು. ಅದೂ ಹಳೆಯ ತೂತುಗಳ ಮೇಲೇ, ಮಿಷನ್ನಿನ ಚಕ್ರವನ್ನು ಕೈಯಲ್ಲೇ ತಿರುಗಿಸಿಕೊಂಡು. ಆ ತಾಳ್ಮೆ ನನಗಂತೂ ಇಲ್ಲ.

ಪೈಪಿನ ತುಕ್ಕನ್ನು ಎಮರಿ ಹಾಳೆಯಿಂದ ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಅದರ ಮೇಲೆ ಸೈಕಲ್ ಟ್ಯೂಬ್ ಸೀಳಿ ಸುತ್ತಿ, ಮೇಲೆ ದಪ್ಪ ಬಟ್ಟೆಯ ಪಟ್ಟಿ ಹೊಲಿದರು. ಹಿಂದಿನ ಕಿಟಕಿಗೆ ಅರ್ಧ ಮಿಲಿಮೀಟರ್ ದಪ್ಪದ ಹೊಸ ಪ್ಲಾಸ್ಟಿಕ್ ಹಾಳೆ, ದೊಡ್ಡ ಹಲ್ಲಿನ ಪ್ಲಾಸ್ಟಿಕ್ ಜಿಪ್. ಜಿಪ್ಪಿಗೆ ಎಣ್ಣೆ ಬೇಡ, ಧೂಳು ಹಿಡಿಯುತ್ತದೆ, ಮೇಣದಬತ್ತಿ ಉಜ್ಜಿ ಅಂದರು. ಹಾಳೆಯನ್ನು ಮಡಚಬಾರದು, ನಡುವೆ ಹಳೆ ಬಟ್ಟೆ ಇಟ್ಟು ಸುತ್ತಬೇಕು. ಪೆಟ್ರೋಲ್, ಥಿನ್ನರ್ ಹಾಕಿ ಒರೆಸಿದರೆ ಮಂಜಾಗುತ್ತದೆ. ನೀರು, ಸ್ವಲ್ಪ ಶಾಂಪೂ, ಮೆತ್ತನೆ ಬಟ್ಟೆ ಸಾಕು.

ವಾಪಸ್ ಹಾಕುವ ದಿನ ಬೆಳಿಗ್ಗೆಯೇ ಹೋಗಿ ನಿಂತೆ. ಹನ್ನೆರಡರ ತನಕ ಮುಟ್ಟಲಿಲ್ಲ. ಹುಡ್ಡನ್ನು ಬಿಸಿಲಲ್ಲಿ ಹರಡಿ, ಚಹಾ ತರಿಸಿ, ಆಟೋದ ಸೀಟು ಹೊಲಿಯುತ್ತ ಕೂತರು. ಕಾದ ಮೇಲೆ ಎಳೆದರೆ ಮುಂದಿನ ಚಾನಲ್ಲಿನಿಂದ ಹಿಂದಿನ ಬಕಲ್ ತನಕ ಒಂದು ನೆರಿಗೆ ಇಲ್ಲದೆ ಕೂತಿತು. ಮನೆಯಲ್ಲಿ ಯಾಕೆ ಜಗಳ ಆಗುತ್ತಿತ್ತು ಅಂತ ಆಗ ತಿಳಿಯಿತು. ನಾವು ಯಾವಾಗಲೂ ಸಂಜೆ ತಂಪಿಗೆ ಹಾಕುತ್ತಿದ್ದೆವು.

ಆಮೇಲೆ ಬಕೆಟ್ಟಿನಿಂದ ಮಗ್ಗುಗಟ್ಟಲೆ ನೀರು ಸುರಿದರು, ನಾನು ಒಳಗೆ ಕೂತೆ. ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು. ಒಮ್ಮೆಲೇ ಮೇಲಿನಿಂದ ಸುರಿದರೆ ಎಲ್ಲಿ ಸೋರಿತು ಅಂತ ಗೊತ್ತಾಗುವುದಿಲ್ಲ. ಹಿಂದಿನ ಹೊಲಿಗೆಯಲ್ಲಿ ಒಂದು ಹನಿಯೂ ಇಲ್ಲ. ಜಿಪ್ ಒಣಗಿತ್ತು. ಮುಂದೆ, ಡ್ರೈವರ್ ಬದಿಯ ಗಾಜಿನ ಮೂಲೆಯಲ್ಲಿ ಮಾತ್ರ ಒಂದು ಎಳೆ ನೀರು ಇಳಿದು ನನ್ನ ಮೊಣಕಾಲಿಗೆ ಬಿತ್ತು. ಅದು ಹುಡ್ಡಿನ ಸೋರಿಕೆಯಲ್ಲ, ಗಾಜಿನ ಚೌಕಟ್ಟಿನ ರಬ್ಬರ್ ಬೀಡಿಂಗ್ ಗಟ್ಟಿಯಾಗಿ ಕುಗ್ಗಿದೆ ಅಂದರು. ಜಿಪ್ಸಿಯ ಬೀಡಿಂಗ್ ಇಲ್ಲಿ ಸಿಗಲಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಬೇಕು. ಅಲ್ಲಿಯ ತನಕ ಮಳೆ ಬಂದಾಗ ಎಡಗಾಲಿನ ಮೇಲೆ ಒಂದು ಟವೆಲ್ ಹಾಕಿಕೊಂಡರೆ ಬಲಗಾಲು ಒದ್ದೆಯಾಗುತ್ತದೆ, ಬಲಗಾಲಿಗೆ ಹಾಕಿದರೆ ಬ್ರೇಕಿಗೆ ಸಿಕ್ಕಿಕೊಳ್ಳುತ್ತದೆ. ಸದ್ಯಕ್ಕೆ ಪ್ಯಾಂಟ್ ಮಡಚಿಕೊಂಡು ಓಡಿಸುತ್ತಿದ್ದೇನೆ.